ಕಾಲು ಮುಂದಾದ ಸೈಕಲ್ಲು

ಕಾಶಿನಾಥ ತಾನಾಗಿಯೇ ಚಹಾ ಮಾಡಿ ತಂದುಕೊಟ್ಟ ದಿನವೇ ಶೋಭಾಳಿಗೆ ಸಂಶಯ ಹುಟ್ಟಿತ್ತು. ಮದುವೆಯಾದಾಗಿನಿಂದ ಆ ಮನುಷ್ಯ ಅಡುಗೆಮನೆಗೆ ಕಾಲಿಟ್ಟದ್ದು ಬೆಂಕಿಪೊಟ್ಟಣ ಹುಡುಕಲಿಕ್ಕೆ ಮಾತ್ರ. ಅಂಥವನು ಬೆಳಿಗ್ಗೆದ್ದು, ಶುಂಠಿ ಜಜ್ಜಿ ಹಾಕಿ, ಕಪ್ಪು ಬಸಿ ಸಮೇತ ತಂದು ಹೊಲಿಗೆ ಮಿಶಿನ್ನಿನ ಮೇಲಿಟ್ಟು, "ಮೊಣಕಾಲ ಹೆಂಗದಾವ ಇವತ್ತ?" ಅಂತ ಕೇಳಿದರೆ ಯಾವ ಹೆಂಡತಿ ತಾನೇ ಸುಮ್ಮನೆ ಕುಡಿದಾಳು? ಅತಿವಿನಯ ಧೂರ್ತಲಕ್ಷಣ. ಈ ಮಾತನ್ನು ಶೋಭಾ ಶಾಲೆಯಲ್ಲಿ ಕಲಿತದ್ದಲ್ಲ, ಮೂಡಲಗಿಯ ಅರ್ಧ ಊರಿಗೆ ಜಂಪರು ಹೊಲಿದು ಕಲಿತದ್ದು. ಅಳತೆ ಕೊಡುವಾಗ ಬಾಯ್ತುಂಬ ಹೊಗಳಿದವಳೇ ಆಮೇಲೆ ತೋಳು ಬಿಗಿಯಾಯಿತೆಂದು ಮೂರು ಸಲ ಬಿಚ್ಚಿಸುತ್ತಾಳೆ.

ಚಹಾದ ಬೆನ್ನಿಗೇ ಸೈಕಲ್ಲು ಬಂತು.

ಸೈಕಲ್ಲು ಅಂತ ಅವನು ಅಂದ. ಅಂಗಳದಲ್ಲಿ ನಿಂತದ್ದನ್ನು ನೋಡಿದರೆ ಹಾಗೆ ಅನ್ನುವ ಧೈರ್ಯ ಬೇರೆ ಯಾರಿಗೂ ಆಗುವಂತಿರಲಿಲ್ಲ. ಮುಂದೆರಡು ಗಾಲಿ, ಹಿಂದೊಂದು. ನೆಲದಿಂದ ಮೊಳ ಎತ್ತರದಲ್ಲಿ ಆರಾಮಕುರ್ಚಿಯ ಹಾಗೆ ಹಿಂದಕ್ಕೆ ವಾಲಿದ ಸೀಟು. ಪೆಡಲುಗಳು ಇರಬೇಕಾದ ಕಡೆ ಇಲ್ಲ, ಮುಂದಕ್ಕೆ ಚಾಚಿದ ಉದ್ದ ಪೈಪಿನ ತುದಿಯಲ್ಲಿದ್ದವು. ಅಂದರೆ ಕೂತವರು ಬೆನ್ನು ಒರಗಿಸಿ, ಎರಡೂ ಕಾಲು ಮುಂದೆ ನೀಡಿ ತುಳಿಯಬೇಕು. ಹಿಡಿಕೆಗಳು ತೊಡೆಯ ಎಡಕ್ಕೊಂದು ಬಲಕ್ಕೊಂದು. ಸೀಟಿನ ಹಿಂದೆ ಕಬ್ಬಿಣದ ಸರಳಿನ ಒಂದು ಬುಟ್ಟಿ.

"ನಿನಗ ಮಾಡೀನಿ," ಅಂದ ಕಾಶಿನಾಥ, ಹಣೆಯ ಬೆವರು ಒರೆಸಿಕೊಳ್ಳುತ್ತ. "ಗೋಕಾಕದ ಡಾಕ್ಟರ್ ಏನಂದಿದ್ರು? ಮೊಣಕಾಲಿಗೆ ಭಾರ ಬೀಳದಂಗ ಸೈಕಲ್ ಹೊಡೀರಿ ಅಂದಿದ್ರಿಲ್ಲ? ಇದ್ರಾಗ ಮೈಭಾರ ಎಲ್ಲಾ ಸೀಟಿನ ಮ್ಯಾಲ. ಕಾಲಿಗೆ ಬರೇ ತುಳಿಯೂದು."

"ಡಾಕ್ಟರ್ ಸಾದಾ ಸೈಕಲ್ ಅಂದಿದ್ರು. ಮಕ್ಕೊಂಡು ಹೊಡಿ ಅಂದಿರಲಿಲ್ಲ."

"ಮಕ್ಕೊಳ್ಳೂದಲ್ಲ, ಒರಗೂದು."

ಅವನಿಗೆ ಇದು ಹೊಳೆದದ್ದು ಹೋದ ಚಳಿಗಾಲದಲ್ಲಿ. ಕಾಶಿನಾಥನದು ಗ್ರಿಲ್ಲು, ಗೇಟು, ಟ್ರ್ಯಾಕ್ಟರ್ ಟ್ರಾಲಿ ಮಾಡುವ ಅಂಗಡಿ. ಕಣಗಲಾದಲ್ಲಿ ಒಬ್ಬರ ಮನೆಗೆ ಗೇಟು ಕೂರಿಸಿ ಟೆಂಪೋದಲ್ಲಿ ಬರುವಾಗ, ಯಮಕನಮರಡಿ ಹತ್ತಿರ ಹೈವೇ ಬದಿಗೆ ಒಬ್ಬ ಬಿಳಿಯ ಮನುಷ್ಯ ಇಂಥದೇ ಸೈಕಲ್ಲಿನ ಪೈಪು ಬಿರುಕು ಬಿಟ್ಟು ಕೂತಿದ್ದನಂತೆ. ಇವನು ಬೆಸೆದುಕೊಟ್ಟ. ಬೆಸೆಯುವ ನೆವದಲ್ಲಿ, ಹೆಣ್ಣು ನೋಡಲು ಹೋದವರ ಹಾಗೆ ಸೈಕಲ್ಲನ್ನು ಅಡಿಯಿಂದ ಮುಡಿಯವರೆಗೆ ನೋಡಿಕೊಂಡ. ಊರಿಗೆ ಬಂದವನೇ ಹುಕ್ಕೇರಿಯ ಗುಜರಿಯಿಂದ ಗಾಲಿ ತಂದ, ಯಾವುದೋ ಸೈಕಲ್ಲಿನ ಚೈನು ಬಿಚ್ಚಿದ. ಮಳೆಗಾಲವಿಡೀ ಅಂಗಡಿಯ ಹಿಂದಿನ ಮೂಲೆಯಲ್ಲಿ ಗೋಣಿತಟ್ಟು ಮುಚ್ಚಿ ಏನೋ ಕುಟ್ಟುತ್ತಿದ್ದ. ಮುಚ್ಚಿ ಮಾಡುವ ಕೆಲಸದಲ್ಲಿ ಶೋಭಾಳಿಗೆ ಎಂದೂ ನಂಬಿಕೆ ಇಲ್ಲ.

ಸಂಜೆಯೊಳಗೆ ಓಣಿಯ ಅರ್ಧ ಹೆಂಗಸರು ಬಂದು ನೋಡಿಹೋದರು. ಪಕ್ಕದ ಮನೆಯ ಕಾಡವ್ವಜ್ಜಿ ಕೋಲೂರಿಕೊಂಡು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, ಸೀಟಿನ ಒರಗಿಗೆ ಕೋಲು ತಾಗಿಸಿ, "ನಮ್ಮ ಮಂದ್ಯಾಗ ಹಿಂಗ ಒರಗಿಸಿ ಕುಂದರ್ಸೂದು ಒಂದ ಸಲ ಅಲ್ಲೇನ ಕಾಶೀ? ಆ ವಿಮಾನ ಹೊತಗೊಂಡು ಹೋಗಾಕ ನಾಕ ಮಂದಿ ಬರ್ತಾರ. ಇದನ್ನ ತಾನ ತುಳಕೊಂಡು ಹೋಗಬೇಕೇನ?" ಅಂದಳು. ಸತ್ತವರನ್ನು ಕೂರಿಸಿಯೇ ಒಯ್ದು ಕೂರಿಸಿಯೇ ಮಣ್ಣು ಮಾಡುವ ಲಿಂಗಾಯತರ ಓಣಿ ಅದು. ಎಲ್ಲರೂ ನಕ್ಕರು. ಶೋಭಾ ನಗಲಿಲ್ಲ. ಆಕೆಯ ತಲೆಯಲ್ಲಿ ಇನ್ನೊಂದೇ ಹುಳ ಕೊರೆಯುತ್ತಿತ್ತು.

ಕಾಲು. ಆ ಸೈಕಲ್ಲಿನಲ್ಲಿ ಕೂತು ಹೊರಟರೆ ಮೈಗಿಂತ ಮುಂಚೆ ಹೋಗುವುದು ಅಂಗಾಲು. ಎದುರಿಗೆ ಬರುವವರು ಯಾರೇ ಇರಲಿ, ಹಿರಿಯರಿರಲಿ, ಮಠದ ಸ್ವಾಮಿಗಳಿರಲಿ, ಅವರಿಗೆ ಮೊದಲು ಕಾಣುವುದು ಶೋಭಾಳ ಮುಖವಲ್ಲ, ಚಪ್ಪಲಿಯ ತಳ. ಮನೆಯಲ್ಲಿ ದೊಡ್ಡವರು ಕೂತಿದ್ದರೆ ಕಾಲು ಮಡಚಿ ಕೂರಬೇಕೆಂದು ಹುಟ್ಟಿದಾಗಿನಿಂದ ಹೇಳಿಸಿಕೊಂಡವಳು ಆಕೆ.

"ಊರಿಗೆಲ್ಲಾ ಕಾಲ ತೋರ್ಸಕೋತ ಹೋಗ್ಲೇನು?" ಅಂತ ಗಂಡನನ್ನು ಕೇಳಿದಳು.

"ಅದಕ್ಯಾಕ ಅಷ್ಟ ವಿಚಾರ ಮಾಡ್ತಿ? ಗಿರಣಿಗೆ ಹೋಗಿ ಬಂದ್ರ ಸಾಕು, ಅಷ್ಟ ವ್ಯಾಯಾಮ. ಜ್ವಾಳದ ಡಬ್ಬಿ ಹಿಂದಿನ ಬುಟ್ಟ್ಯಾಗ ಕೂಡ್ತೈತಿ. ಅಳತಿ ತಗೊಂಡ ಮಾಡೀನಿ."

ಗಿರಣಿ ಅಂದ ಕೂಡಲೇ ಶೋಭಾ ಮಾತು ಅಲ್ಲಿಗೇ ಬಿಟ್ಟು ಒಳಗೆ ಹೋದಳು.

ಯಾಕೆಂದರೆ ಗಿರಣಿಯೆಂಬುದು ಆಕೆಯ ಗುಟ್ಟಾಗಿತ್ತು. ಹತ್ತು ಹನ್ನೊಂದು ವರ್ಷದ ಗುಟ್ಟು.

ಕಾಶಿನಾಥನಿಗೆ ಪರಪ್ಪ ಅಂತ ಒಬ್ಬ ಅಣ್ಣ. ಬೆಸುಗೆಯ ಕೆಲಸ ಕಲಿಸಿದವನು ಅವನೇ. ಅಪ್ಪನಿಲ್ಲದ ತಮ್ಮನನ್ನು ಕೈಹಿಡಿದು ಅಂಗಡಿಯಲ್ಲಿ ನಿಲ್ಲಿಸಿದವನೂ ಅವನೇ. ಒಂದು ಸಲ ಪರಪ್ಪ ಬೆಸೆದ ಟ್ರಾಲಿಯ ಕೊಂಡಿ ಕಬ್ಬಿನ ಗಾಡಿ ಎಳೆಯುವಾಗ ಕಿತ್ತುಬಂತು. ರೈತರು ಅಂಗಡಿ ಮುಂದೆ ಬಂದು ಕೂಗಾಡಿದಾಗ ಕಾಶಿನಾಥ, ಎಲ್ಲರೆದುರು, "ಅಣ್ಣನ ಬೆಸುಗಿ ಇನ್ನ ಹಿಡಿಯೂದಿಲ್ಲ. ಇನ್ ಮ್ಯಾಲ ಅವನ ಕೈಯಾಗ ಕೊಡಬ್ಯಾಡ್ರಿ" ಅಂದುಬಿಟ್ಟ. ಪರಪ್ಪ ಅಲ್ಲಿಂದ ಎದ್ದು ಹೋದ. ಆಮೇಲೆ ಯಾರೋ ರಾಜಿ ಮಾಡಿಸಲು ಹೋದಾಗ, "ಅಂವಾ ನನ್ನ ಹೊಸ್ತಿಲಾ ತುಳೀಬಾರದು" ಅಂದ. ಅಂದಿನಿಂದ ಬೆಸುಗೆಯ ಕಡ್ಡಿಯನ್ನೂ ಕೈಯಲ್ಲಿ ಹಿಡಿಯಲಿಲ್ಲ. ಒಂದೇ ಊರು, ಒಂದೇ ಪೇಟೆ. ಅಣ್ಣತಮ್ಮಂದಿರು ಎದುರಾದರೆ ರಸ್ತೆಯೇ ಎರಡಾಗುತ್ತಿತ್ತು.

ಪರಪ್ಪನ ಹೆಂಡತಿ ಚನ್ನವ್ವ. ಶೋಭಾ ಈ ಮನೆಗೆ ಬಂದಾಗ ರೊಟ್ಟಿ ಬಡಿಯಲು ಬಾರದ ಹುಡುಗಿ. ಕಲಿಸಿದವಳು ಚನ್ನವ್ವ. ಬಾಣಂತನ ಮಾಡಿದವಳೂ ಚನ್ನವ್ವ. ತವರಿನಲ್ಲಿ ಯಾರೂ ಉಳಿಯದ ಶೋಭಾಳಿಗೆ ತವರು ಅಂದರೆ ಆ ನೆಗೆಣ್ಣಿಯೇ. ಗಂಡಂದಿರು ಮಾತು ಬಿಟ್ಟರು ಅಂತ ಹೆಂಗಸರು ಬಿಡಲಾದೀತೇ? ಪ್ರತಿ ಗುರುವಾರ ಇಬ್ಬರೂ ಜೋಳದ ಡಬ್ಬಿ ಹೊತ್ತು ಕೇದಾರಿಯ ಗಿರಣಿಗೆ ಬರುತ್ತಿದ್ದರು. ಚನ್ನವ್ವ ದೊಡ್ಡ ರಸ್ತೆಯಿಂದ, ಶೋಭಾ ಹಿಂದಿನ ಓಣಿಯಿಂದ. ಗಿರಣಿಯ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಬಾಜೂ ಕೂತು ಕಿವಿಯಲ್ಲಿ ಕೂಗಿದರೆ ಮಾತ್ರ ಕೇಳುತ್ತದೆ. ಆ ಗದ್ದಲದಲ್ಲಿ ಕೂತು ಇಬ್ಬರೂ ವಾರದ ಸುಖದುಃಖವನ್ನೆಲ್ಲ ಹಂಚಿಕೊಂಡು, ಹಿಟ್ಟಿನ ಧೂಳಲ್ಲಿ ಬೆಳ್ಳಗಾದ ಮುಖ ಒರೆಸಿಕೊಂಡು, ಬೇರೆಬೇರೆಯಾಗಿ ಮನೆಗೆ ಹೋಗುತ್ತಿದ್ದರು. ಅದೊಂದು ತಾಸು ತಪ್ಪಿದರೆ ಶೋಭಾಳಿಗೆ ವಾರವಿಡೀ ಉಸಿರು ಕಟ್ಟಿದಂತಾಗುತ್ತಿತ್ತು.

ಈಗ ಗಂಡನ ಬಾಯಲ್ಲಿ ಗಿರಣಿ ಬಂದಿದೆ. ಡಬ್ಬಿಯ ಅಳತೆಯೂ ಬಂದಿದೆ. ಇವನಿಗೆ ಗೊತ್ತಾಯಿತೇ? ಗೊತ್ತಾಗಿದ್ದರೆ ಯಾಕೆ ಕೂಗಾಡಲಿಲ್ಲ? ಕೂಗಾಡುವ ಬದಲು ಚಹಾ ಯಾಕೆ ಮಾಡಿದ?

ಮುಂದಿನ ಗುರುವಾರ ಆಕೆ ಎಂದಿನಂತೆ ಡಬ್ಬಿಯನ್ನು ಟೊಂಕಕ್ಕಿಟ್ಟು, ಕುಂಟುತ್ತ ಹಿಂದಿನ ಓಣಿಯಿಂದಲೇ ಗಿರಣಿಗೆ ಹೋದಳು. ಸೈಕಲ್ಲಿನ ಕಥೆಯನ್ನೆಲ್ಲ ಚನ್ನವ್ವನ ಕಿವಿಯಲ್ಲಿ ಕೂಗಿದಳು. ಚನ್ನವ್ವ ಮೊದಲು ನಕ್ಕಳು. ಆಮೇಲೆ ಅವಳ ನಗೆ ನಿಂತಿತು.

"ದೊಡ್ಡ ರಸ್ತಾಲೇ ಹೋಗು ಅಂದ್ರೇನು?"

"ಅದನ್ನೇನೂ ಅಂದಿಲ್ಲ ಅಕ್ಕಾ."

"ಅಂತಾರ ತಡೀ. ದೊಡ್ಡ ರಸ್ತಾದಾಗ ಬಂದ್ರ ನಮ್ಮ ಮನಿ ಮುಂದ ರಸ್ತಾ ತಿರುಗತೈತಿ. ನಮ್ಮವರು ಮುಂಜಾನೆದ್ದು ಕಟ್ಟಿ ಮ್ಯಾಲ ಕುಂತಿರ್ತಾರ. ನೀ ಆ ಗಾಡ್ಯಾಗ ಕಾಲ ನೀಡಿ ಬಂದ್ರ ನಿನ್ನ ಅಂಗಾಲ ಎಲ್ಲಿಗೆ ಬರ್ತಾವ ಹೇಳು? ನೆಟ್ಟಗ ಅವರ ಮಾರಿಗೆ. ತಮ್ಮನ ಹೆಂಡ್ತಿ, ಭಾವನ ಮಾರಿಗೆ ಕಾಲ!" ಚನ್ನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಿನ್ನ ಗಂಡ ಭಾಳ ಶಾಣ್ಯಾ ಅದಾನವ್ವಾ. ಕಾಲ ನಿನ್ನವು, ಒದಿಯಾಂವಾ ತಾನು."

ಶೋಭಾಳಿಗೂ ಹಾಗೇ ಅನ್ನಿಸಿತು. ಹೌದಲ್ಲ, ಇಷ್ಟು ವರ್ಷ ಒಳಗೇ ಬೇಯಿಸಿಕೊಂಡ ಹಟಕ್ಕೆ ಮಳೆಗಾಲವಿಡೀ ಕೂತು ಒಂದು ಯಂತ್ರವನ್ನೇ ಕಟ್ಟಿದ್ದಾನೆ. ಬೈದರೆ ಜಗಳ, ಹೊಡೆದರೆ ಕೇಸು. ಇದಾದರೆ ಹೆಂಡತಿಯ ಮೊಣಕಾಲಿನ ಮದ್ದು, ಯಾರೇನು ಅಂದಾರು?

"ಹಂಗೇನರ ಆದ್ರ," ಚನ್ನವ್ವ ಅವಳ ಕೈಹಿಡಿದು ಅಂದಳು, "ನಮ್ಮವರು ನನ್ನ ಗಿರಣಿಗೂ ಬಿಡೂದಿಲ್ಲ. ಇದೂ ಹೋಗ್ತೈತಿ ನಮಗ. ನೋಡ್ಕೋ."

ಮನೆಗೆ ಬಂದ ಶೋಭಾ ಗಂಡನೊಂದಿಗೆ ಮಾತು ಕಡಿಮೆ ಮಾಡಿ, ನೋಟ ಹೆಚ್ಚು ಮಾಡಿದಳು.

ಕಾಶಿನಾಥ ಮಾತ್ರ ಪಟ್ಟು ಬಿಡಲಿಲ್ಲ. ಮೊಬೈಲಿನಲ್ಲಿ ಯಾವುದೋ ದೇಶದ ಮುದುಕಿಯರು ಇಂಥ ಸೈಕಲ್ಲಿನಲ್ಲಿ ಸಾಲಾಗಿ ಹೋಗುವುದನ್ನು ತೋರಿಸಿದ. ಅವರ ವಯಸ್ಸಿನ ಮುಂದೆ ನೀನಿನ್ನೂ ಕೂಸು ಅಂತ ಉಬ್ಬಿಸಿದ. ಒಂದು ದಿನ ಲುಂಗಿ ಉಟ್ಟು ತಾನೇ ಓಣಿಯಲ್ಲಿ ಒಂದು ಸುತ್ತು ಹೊಡೆದ. ಲುಂಗಿ ಗಾಳಿಗೆ ಏನು ಮಾಡಿತೋ, ಕಾಡವ್ವಜ್ಜಿ ಮುಖ ತಿರುಗಿಸಿ "ಶಿವಶಿವಾ" ಅಂದಳು. ಸೀಟಿಗೆ ಗವಸು ಹೊಲಿದುಕೊಡು ಅಂತ ದುಂಬಾಲು ಬಿದ್ದ. ಶೋಭಾ ಹೊಲಿದುಕೊಟ್ಟಳು, ಯಾಕೆಂದರೆ ಕೆಟ್ಟ ಕೆಲಸ ಆಕೆಯ ಕೈಯಿಂದ ಆಗುವುದಿಲ್ಲ. ಆದರೆ ಸೂಜಿಯ ಪ್ರತಿ ಕುಕ್ಕಿಗೂ, ಇದು ನನ್ನ ಮೊಣಕಾಲಿಗೋ ಇವನ ಹಟಕ್ಕೋ, ಅಂತ ಕೇಳಿಕೊಂಡಳು.

ಕಡೆಗೊಂದು ಬೆಳಗ್ಗೆ, ಜನ ಏಳುವ ಮುಂಚೆ, ಮಾರ್ಕೆಟ್ ಯಾರ್ಡಿನ ಬಯಲಿಗೆ ಕರೆದುಕೊಂಡು ಹೋದ. ಬರೀ ಕೂತು ನೋಡು, ತುಳಿಯಬೇಡ ಅಂದ. ಕೂತಳು. ಬೆನ್ನು ಒರಗಿತು. ಸೀರೆಯ ನೆರಿಗೆಯನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ಕಾಲು ಪೆಡಲಿಗಿಟ್ಟಳು. ಹೊಲಿಗೆ ಮಿಶಿನ್ ತುಳಿದು ಪಳಗಿದ ಕಾಲು; ಹೇಳಿಸಿಕೊಳ್ಳದೆ ತುಳಿಯಿತು. ಗಾಡಿ ಹೊರಟಿತು.

ಸುಳ್ಳು ಯಾಕೆ ಹೇಳಬೇಕು, ಆಕೆಗೆ ಸಂತೋಷವಾಯಿತು. ಮೊಣಕಾಲು ಒಂದು ಸಲವೂ ಚುಚ್ಚಲಿಲ್ಲ. ಬೀಳುವ ಭಯವಿಲ್ಲ. ನೆಲ ಕೈಗೆ ಸಿಗುವಷ್ಟು ಹತ್ತಿರ, ತಲೆಯ ಮೇಲೆ ಆಕಾಶ ಪೂರ್ತಿ. ಹತ್ತಿ ಚೀಲಗಳ ಸಾಲು ಸುತ್ತಿ ಬಂದಳು, ಮತ್ತೆ ಸುತ್ತಿದಳು. ಗಂಡನ ಬೈಕಿನ ಹಿಂದೆ ಒಂದು ಬದಿಗೆ ಕಾಲು ಹಾಕಿ ಕೂತು ಕೂತು, ತನ್ನ ಕಾಲಿನಿಂದಲೇ ಒಂದು ಗಾಡಿ ಮುಂದೆ ಹೋಗುತ್ತದೆಂಬುದನ್ನು ಆಕೆ ಈವರೆಗೆ ಕಂಡಿರಲಿಲ್ಲ. ಸಣ್ಣ ಹುಡುಗಿಯ ಹಾಗೆ ನಗು ಬಂತು. ತಿರುಗಿ ನೋಡಿದರೆ ಕಾಶಿನಾಥ ಆಕೆಯ ಮುಖವನ್ನು ನೋಡುತ್ತಿರಲಿಲ್ಲ. ಹಿಂದಿನ ಬುಟ್ಟಿಯನ್ನು ನೋಡುತ್ತಿದ್ದ.

ಅಲ್ಲಿಗೆ ನಗು ಇಳಿಯಿತು.

ರಾತ್ರಿ ಊಟಕ್ಕೆ ಬಡಿಸುತ್ತ ಶೋಭಾ ಒಂದು ಕಲ್ಲು ಒಗೆದು ನೋಡಿದಳು. "ಈ ಗುರುವಾರ ಗಿರಣಿಗೆ ಗಾಡ್ಯಾಗ ಹೋಗ್ತೇನ್ರಿ. ಹಿಂದಿನ ಓಣಿಲೇ ಹೋಗ್ಲಿ?"

ಕಾಶಿನಾಥನ ತುತ್ತು ಅರ್ಧಕ್ಕೆ ನಿಂತಿತು. "ಹಿಂದಿನ ಓಣಿ ಬ್ಯಾಡ. ಗಟಾರ ಒಡದೈತಿ, ಗಾಲಿ ಸಿಗತಾವ. ದೊಡ್ಡ ರಸ್ತಾಲೇ ಹೋಗು."

"ಸಂಜಿಕ ಹೋಗ್ಲಿ?"

"ಮುಂಜಾನೆ ಹೋಗು. ಬಿಸಲ ಏರೂದ್ರಾಗ." ಆಮೇಲೆ, ತಟ್ಟೆಯನ್ನೇ ನೋಡುತ್ತ, "ಡಬ್ಬಿ ತುಂಬ ಹಾಕ್ಕೊಂಡು ಹೋಗು. ಅರ್ಧಾ ಒಯ್ಯಬ್ಯಾಡ."

ಇನ್ನೇನು ಉಳಿಯಿತು? ಚನ್ನವ್ವ ಹೇಳಿದ್ದು ಅಕ್ಷರಕ್ಕಕ್ಷರ ಆಯಿತು. ಅಣ್ಣ ಕಟ್ಟೆಯ ಮೇಲಿರುವ ಹೊತ್ತು, ಅಣ್ಣನ ಮನೆಯ ರಸ್ತೆ. ಡಬ್ಬಿ ತುಂಬ ಯಾಕೆಂಬುದೊಂದು ಮಾತ್ರ ಆಕೆಗೆ ತಿಳಿಯಲಿಲ್ಲ. ತಿಳಿಯದ್ದೇ ಹೆಚ್ಚು ಕಾಡಿತು. ಬೆಳಿಗ್ಗೆ ಎದ್ದು ನೋಡಿದರೆ ಗಂಡ ಅಂಗಳದಲ್ಲಿ ಬುಟ್ಟಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ಆಕೆಯನ್ನು ಕಂಡ ಕೂಡಲೇ ಎದ್ದು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಏನ ಮಾಡಾಕತ್ತೀರಿ?"

"ಏನಿಲ್ಲ. ಧೂಳ ಕೂತಿತ್ತು."

ಹೋಗುವುದಿಲ್ಲ ಅಂದುಬಿಡಬಹುದಿತ್ತು. ಆದರೆ ಮಾರ್ಕೆಟ್ ಯಾರ್ಡಿನ ಆ ಬೆಳಗು ಕಾಲಿನಲ್ಲಿ ಇನ್ನೂ ಉಳಿದಿತ್ತು. ಸೈಕಲ್ಲನ್ನು ಬಿಡಲು ಮನಸ್ಸಿಲ್ಲ, ಚನ್ನವ್ವನನ್ನು ಕಳೆದುಕೊಳ್ಳುವುದಂತೂ ಆಗದ ಮಾತು. ಯೋಚಿಸಿ ಯೋಚಿಸಿ ಶೋಭಾ ಒಂದು ಉಪಾಯ ಹೂಡಿದಳು. ದೊಡ್ಡ ರಸ್ತೆಯಿಂದಲೇ ಹೋಗುವುದು. ಆದರೆ ಪರಪ್ಪನ ಮನೆ ಬರುವ ಮುಂಚೆ, ಕನ್ನಡ ಶಾಲೆಯ ಗೇಟು ಹಿಡಿದುಕೊಂಡು ಇಳಿದು, ತಲೆ ತುಂಬ ಸೆರಗು ಹೊದ್ದು, ಗಾಡಿಯನ್ನು ಕೈಯಿಂದ ತಳ್ಳಿಕೊಂಡು ನಡೆದು ದಾಟುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಗುರುವಾರ ಬೆಳಿಗ್ಗೆ ಕಾಶಿನಾಥ ತಾನೇ ಡಬ್ಬಿ ಎತ್ತಿ ಬುಟ್ಟಿಯಲ್ಲಿಟ್ಟ. "ಸಾವಕಾಶ ಹೋಗು," ಅಂದ. ಆಕೆ ಹತ್ತು ಮಾರು ಹೋದ ಮೇಲೆ ಮತ್ತೆ, "ಶೋಭಾ, ಸಾವಕಾಶ!" ಅಂತ ಕೂಗಿದ. ಅಂಗಡಿಗೆ ಹೋಗುವ ಬದಲು ಅಲ್ಲೇ ನಿಂತು ನೋಡಿದ.

ಪೇಟೆ ದಾಟುವವರೆಗೆ ಜನ ನಕ್ಕರು, ಮೊಬೈಲು ತೆಗೆದರು, ಗೋಕಾಕಕ್ಕೆ ಹೋಗುವ ಬಸ್ಸಿನಿಂದ ಅರಭಾವಿ ಕಾಲೇಜಿನ ಹುಡುಗಿಯರು ಕೈಬೀಸಿದರು. ಶೋಭಾ ತುಳಿಯುತ್ತಲೇ ಹೋದಳು. ರಸ್ತೆ ಇಳಿಜಾರಾಯಿತು. ಶಾಲೆಯ ಗೇಟು ಕಂಡಿತು. ಅದರ ಮುಂದೆ ಮಕ್ಕಳಿಗಾಗಿ ರಸ್ತೆಗೆ ಹಾಕಿದ ಉಬ್ಬು ಇತ್ತು. ಬ್ರೇಕು ಒತ್ತಿದಳು, ಇಳಿಜಾರಿನ ಓಟ ಪೂರ್ತಿ ನಿಲ್ಲಲಿಲ್ಲ. ಮುಂದಿನ ಗಾಲಿಗಳು ಉಬ್ಬು ಹತ್ತಿ ಇಳಿದವು, ಹಿಂದಿನ ಗಾಲಿ ಹತ್ತಿ ಕುಕ್ಕಿತು.

ಬೆನ್ನ ಹಿಂದೆ ಟಣ್ಣೆಂದಿತು. ಬುಟ್ಟಿ ಕಿತ್ತು ನೆಲಕ್ಕೆ ಬಿತ್ತು, ಡಬ್ಬಿಯ ಮುಚ್ಚಳ ಹಾರಿ ಜೋಳವೆಲ್ಲ ರಸ್ತೆಯಲ್ಲಿ ಹರಿಯಿತು. ಶೋಭಾ ಗಾಬರಿಯಾಗಿ ಹಿಂದೆ ತಿರುಗಿದಳು. ತಿರುಗಿದ ಭರಕ್ಕೆ ಕೈ ಬ್ರೇಕಿನಿಂದ ಜಾರಿತು. ಭಾರ ಕಳೆದುಕೊಂಡ ಗಾಡಿ ಹಗುರಾಗಿ ಮುಂದಕ್ಕುರುಳಿ, ತಿರುವಿಗೆ ಬಂದು, ಕಟ್ಟೆಗೆ ಮೂರು ಮಾರು ದೂರದಲ್ಲಿ ನಿಂತಿತು.

ಕಟ್ಟೆಯ ಮೇಲೆ ಪರಪ್ಪ ಕೂತಿದ್ದ. ಶೋಭಾಳ ಎರಡೂ ಕಾಲು ಅವನಿಗೆ ಎದುರಾಗಿದ್ದವು.

ಏಳಬೇಕೆಂದರೆ ಆಗಲಿಲ್ಲ. ಅಷ್ಟು ತಗ್ಗಿನ ಸೀಟಿನಿಂದ ಏಳಲು ಆಕೆಯ ಮೊಣಕಾಲಿಗೆ ಯಾರಾದರೂ ಕೈಕೊಡಬೇಕು. ಕಾಲು ಮಡಚಲು ಜಾಗವಿಲ್ಲ. ಸೆರಗು ಎಳೆದು ತಲೆಗೆ ಹೊದ್ದಳು, ಉಳಿದ ಸೆರಗಿನಿಂದ ಪಾದ ಮುಚ್ಚಲು ಹೋದಳು, ಅದು ಮುಟ್ಟಲಿಲ್ಲ. ಶಾಲೆಯ ಹತ್ತಿರದ ನಾಲ್ಕಾರು ಜನ ಕೂಡಿದರು. ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ ನಿಂತು ನೋಡಿ, ಬಂದ ದಾರಿಗೇ ಬೈಕು ತಿರುಗಿಸಿ ಪೇಟೆಯ ಕಡೆ ಹೋದ. ಮುಗಿಯಿತು ನನ್ನ ಗಿರಣಿ, ಅಂದುಕೊಂಡಳು ಶೋಭಾ. ಅವಮಾನಕ್ಕಿಂತ ಮುಂಚೆ ಆಕೆಗೆ ದುಃಖ ಬಂತು.

ಪರಪ್ಪ ಕಟ್ಟೆಯಿಂದ ಇಳಿದ. ಆಕೆಯ ಕಾಲಿನ ಕಡೆ ನೋಡಲೇ ಇಲ್ಲ. ನಡೆದು ಹೋಗಿ ಉಬ್ಬಿನ ಹತ್ತಿರ ಬಿದ್ದಿದ್ದ ಬುಟ್ಟಿಯನ್ನು ಎತ್ತಿಕೊಂಡ. ಕಿತ್ತ ಜಾಗವನ್ನು ಹೆಬ್ಬೆರಳಿನಿಂದ ಸವರಿದ, ಬಿಸಿಲಿಗೆ ಹಿಡಿದ, ಮತ್ತೆ ಸವರಿದ. ಅಷ್ಟರಲ್ಲಿ ಚನ್ನವ್ವ ಒಳಗಿನಿಂದ ಓಡಿಬಂದಳು. ಗಂಡನಿದ್ದಾನೆ, ಜನರಿದ್ದಾರೆ ಅನ್ನುವುದನ್ನೂ ಲೆಕ್ಕಿಸದೆ ಶೋಭಾಳ ಕಂಕುಳಿಗೆ ಕೈಹಾಕಿ ಎಬ್ಬಿಸಿ ನಿಲ್ಲಿಸಿದಳು.

"ಯಾರ ಬೆಸದಾರ ಇದನ್ನ?" ಅಂದ ಪರಪ್ಪ.

ಭಾವನ ಜೊತೆ ಶೋಭಾ ಎದುರಾಬದುರು ಮಾತಾಡಿದವಳಲ್ಲ. ಚನ್ನವ್ವನ ಭುಜದ ಮರೆಯಿಂದ, "ನಿಮ್ಮ ತಮ್ಮನ ಬೆಸದಾರ್ರಿ" ಅಂದಳು.

"ಸುಳ್ಳು. ಕಾಶಿ ಬೆಸುಗಿ ಹಿಂಗ ಇರೂದಿಲ್ಲ." ಪರಪ್ಪ ಬುಟ್ಟಿಯನ್ನು ಆಕೆಯ ಮುಂದೆ ಹಿಡಿದ. "ಗಾಡಿ ಪೈಪ್ ನೋಡು, ಒಂದೊಂದ ಜಾಗಾದಾಗೂ ಬೆಸುಗಿ ಸುತ್ತಲೂ ಕೂಡೈತಿ. ಆನಿ ಕುಂತ್ರೂ ಬಿಡೂದಿಲ್ಲ. ಬುಟ್ಟಿಗೆ ಎರಡ ಹನಿ ಇಟ್ಟಾನ, ಅಷ್ಟ. ನೀವು ಹೊಲಿಯೂ ಮುಂದ ಮೊದ್ಲ ಕಚ್ಚಾ ಹೊಲಿಗಿ ಹಾಕೋತೀರಲಾ, ಹಂಗ. ತುಂಬಿದ ಡಬ್ಬಿ ಇಟ್ಟು ಈ ಉಬ್ಬ ದಾಟಿದ್ರ ಕೀಳಾಕ ಬೇಕು. ಕೀಳಲಿ ಅಂತ ಬಿಟ್ಟಾನ."

ಡಬ್ಬಿ ತುಂಬ ಹಾಕ್ಕೊಂಡು ಹೋಗು. ಶೋಭಾಳಿಗೆ ಈಗ ತಿಳಿಯಿತು, ಅರ್ಧ. "ಯಾಕ್ರಿ?" ಅಂತ ಕೇಳಿಯೇಬಿಟ್ಟಳು.

ಪರಪ್ಪ ಕಿತ್ತ ಜಾಗದ ಮೇಲೆ ಇನ್ನೊಮ್ಮೆ ಹೆಬ್ಬೆರಳಾಡಿಸಿದ. 

"ಅವತ್ತ ನಾಕ ಮಂದಿ ಮುಂದ ನನ್ನ ಬೆಸುಗಿ ಹಿಡಿಯೂದಿಲ್ಲ ಅಂದಿದ್ದ," ಅಂದ. "ಇವತ್ತ ತನ್ನ ಬೆಸುಗಿ ತಂದು ನನ್ನ ಬಾಗಲದಾಗ ಕೆಡವ್ಯಾನ. ಈಗ ನೀ ಹಂಗ ಅನ್ನು, ಅಂತ." ಅವನ ದನಿ ಒಡೆಯಿತು. "ಹುಚ್ಚ. ಬಾಯಿಂದ ತಪ್ಪಾತು ಅನ್ನಾಕ ಆಗ್ಲಿಲ್ಲ, ಕಬ್ಬಿಣದಾಗ ಅಂದಾನ."

ಚನ್ನವ್ವನ ಕಣ್ಣಲ್ಲಿ ನೀರು ತುಂಬಿತು. ಶೋಭಾಳ ಮೈಯೆಲ್ಲ ಉರಿಯಿತು. ಅಂದರೆ ಸಂಶಯ ಪಟ್ಟದ್ದು ಸರಿಯೇ. ಮೊಣಕಾಲು ಬರೀ ನೆವ. ಚಹಾ, ಮುದುಕಿಯರ ವಿಡಿಯೋ, ಮಾರ್ಕೆಟ್ ಯಾರ್ಡಿನ ಬೆಳಗು, ಎಲ್ಲವೂ ಅಣ್ಣನ ಮನೆಯ ಬಾಗಿಲವರೆಗೆ ಒಂದು ಬುಟ್ಟಿ ಮುಟ್ಟಿಸಲಿಕ್ಕೆ. ಒಳ್ಳೆಯದಕ್ಕೇ ಇರಲಿ, ಆಕೆ ಬರೀ ಸಾಮಾನು ಹೊರುವ ಗಾಡಿಯಾದಳು.

"ನಾ ಬಿದ್ದು ಸತ್ತಿದ್ರ?" ಅಂದಳು, ಯಾರನ್ನೂ ನೋಡದೆ.

"ಬಾ ಒಳಗ," ಅಂದಳು ಚನ್ನವ್ವ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡು ಗಂಡನ ಕಡೆ ನೋಡಿದಳು.

"ನನ್ಯಾಕ ನೋಡ್ತಿ?" ಅಂದ ಪರಪ್ಪ. "ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡದಂಗ ಗುರುವಾರಕ್ಕೊಮ್ಮೆ ಗಿರಣ್ಯಾಗ ಕೂಡ್ತೀರಿ. ಒಂದ ಡಬ್ಬಿ ಬೀಸಾಕ ಇಷ್ಟೊತ್ತ್ಯಾಕ ಅಂತ ನಾ ಒಂದಿನರ ಕೇಳೀನೇನು? ಕಾಶಿನರ ಕೇಳ್ಯಾನೇನು? ನೀ ಬಂದು ಅವರ ಸುದ್ದಿ ಹೇಳ್ತಿದ್ದಿ. ಅಷ್ಟ ಬೇಕಾಗಿತ್ತು ನನಗ."

ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೌದು, 'ಯಾರೋ ಅಂತಿದ್ರು, ನಿಮ್ಮಣ್ಣಗ ಜ್ವರ ಬಂದಿತ್ತಂತ' ಅಂತ ಶೋಭಾ ಊಟಕ್ಕೆ ಬಡಿಸುವಾಗ ಹೇಳುತ್ತಿದ್ದಳು. ಕಾಶಿನಾಥ ಆ ಯಾರೋ ಯಾರೆಂದು ಎಂದೂ ಕೇಳಿರಲಿಲ್ಲ.

ಚನ್ನವ್ವ ಆಕೆಯನ್ನು ಒಳಗೆ ಕರೆದೊಯ್ದು ಪಡಸಾಲೆಯಲ್ಲಿ ಕೂರಿಸಿದಳು. ಅಷ್ಟು ವರ್ಷದ ಮೇಲೆ ಕಂಡ ಆ ಮನೆಯ ನೆಲವನ್ನು ಶೋಭಾ ಅಂಗೈಯಿಂದ ಸವರಿದಳು. ಆದರೆ ಗಂಡನ ಮೇಲಿನ ಸಿಟ್ಟು ಇಳಿಯಲಿಲ್ಲ. ಮನೆಗೆ ಹೋಗಿ ಏನೇನು ಅನ್ನಬೇಕೆಂದು ಒಂದೊಂದೇ ಮಾತು ಹೊಂದಿಸುತ್ತಿದ್ದಳು.

ಆಗ ಹೊರಗೆ ಯಾರೋ ಓಡಿಬರುವ ಸದ್ದಾಯಿತು.

ಬೈಕಿನವನು ಅಂಗಡಿಯ ಮುಂದೆ, "ನಿನ್ನ ಹೆಂಡ್ತಿ ಉಬ್ಬಿನ ಮ್ಯಾಲ ಬಿದ್ದಾಳ" ಅಂತಷ್ಟೇ ಕೂಗಿ ಹೋಗಿದ್ದ. ಕಾಶಿನಾಥ ಬೈಕಿನ ಚಾವಿ ಹುಡುಕದೆ, ಚಪ್ಪಲಿ ಮೆಟ್ಟದೆ, ಬೆಸುಗೆಯ ಕನ್ನಡಕವನ್ನು ಹಣೆಗೇರಿಸಿಕೊಂಡೇ ಪೇಟೆಯುದ್ದ ಓಡಿ ಬಂದಿದ್ದ. ರಸ್ತೆಯಲ್ಲಿ ಚೆಲ್ಲಿದ ಜೋಳ ತುಳಿದ. ಖಾಲಿ ಸೈಕಲ್ಲು ನೋಡಿ, "ಎಲ್ಲದಾಳ? ಎಲ್ಲಿ ಒಯ್ದ್ರಿ?" ಅಂದ. ಯಾರೋ ಮನೆಯ ಕಡೆ ಕೈ ತೋರಿಸಿದರು. ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಅಣ್ಣನನ್ನು, ಅವನು ಯಾರೋ ಅಡ್ಡ ನಿಂತವನೆಂಬಂತೆ ಭುಜದಿಂದ ಸರಿಸಿ, ಹೊಸ್ತಿಲು ದಾಟಿ ಒಳಗೆ ಬಂದು ಶೋಭಾಳ ಮುಂದೆ ಮೊಣಕಾಲೂರಿ ಕೂತ.

"ಎಲ್ಲಿ ಪೆಟ್ಟಾತು? ಮೊಣಕಾಲೇನು? ಯಾವ ಕಾಲ? ಹೇಳಲಾ!" ಅನ್ನುತ್ತ ಆಕೆಯ ಎರಡೂ ಮೊಣಕಾಲನ್ನು ಸೀರೆಯ ಮೇಲಿಂದಲೇ ಹಿಡಿದು ನೋಡಿದ.  "ಅಲ್ಲಿ ಸಾಲಿ ಐತಿ, ನೀ ಸಾವಕಾಶ ಬರ್ತಿ ಅಂದ್ಕೊಂಡಿದ್ದೆ. ಬುಟ್ಟಿ ಅಷ್ಟ ಬೀಳ್ತೈತಿ ಅಂದ್ಕೊಂಡಿದ್ದೆ. ನನ್ನ ಕೈ ಸೇದ್ಹೋಗ್ಲಿ..."

ಹೊಂದಿಸಿಟ್ಟ ಮಾತುಗಳೆಲ್ಲ ಶೋಭಾಳ ಬಾಯಿಂದ ಹಾರಿಹೋದವು. ಒಂದೇ ಉಳಿಯಿತು. "ಪೆಟ್ಟೇನೂ ಆಗಿಲ್ಲ. ಖರೆ ಹೇಳ್ರಿ. ಆ ಗಾಡಿ ನನ್ನ ಮೊಣಕಾಲಿಗೆ ಮಾಡಿದ್ರೋ, ನಿಮ್ಮ ಅಣ್ಣಗ ಮಾಡಿದ್ರೋ?"

ಕಾಶಿನಾಥ ಮೂಗು ಒರೆಸಿಕೊಂಡ. "ಗಾಡಿ ನಿನಗ ಮಾಡಿದ್ದು. ನಮ್ಮವ್ವನಾಣಿ ನಿನಗ. ಬುಟ್ಟಿ ಅಷ್ಟ ಅಣ್ಣಗ."

ಅಂದ ಮೇಲೆ ಅವನಿಗೆ ತಾನೆಲ್ಲಿದ್ದೇನೆಂಬುದು ತಿಳಿಯಿತು. ಗೋಡೆ ನೋಡಿದ, ಅವ್ವನ ಫೋಟೋ ನೋಡಿದ, ಹಿಂದೆ ತಿರುಗಿ ಹೊಸ್ತಿಲು ನೋಡಿದ. ಅಲ್ಲಿ ಪರಪ್ಪ ನಿಂತಿದ್ದ. ಕಾಶಿನಾಥ ಗಡಬಡಿಸಿ ಎದ್ದ, ಹೊರಗೆ ಹೋಗಲು ದಾರಿಯಿರಲಿಲ್ಲ.

"ಬುಟ್ಟಿ ನನಗಂದ್ರ ಇಲ್ಲೇ ಇರ್ತೈತಿ," ಅಂದ ಪರಪ್ಪ. "ಚನ್ನವ್ವಾ, ಅವನ ಕಾಲಿಗೆ ನೀರ ಕೊಡು. ಹೆಬ್ಬಟ್ಟ ಒಡದೈತಿ ನೋಡು."

ಕಾಶಿನಾಥ ಬಾಗಿಲ ಹೊರಗೆ ಕಲ್ಲಿನ ಮೇಲೆ ಕೂತ. ಚನ್ನವ್ವ ತಂಬಿಗೆಯಿಂದ ನೀರು ಸುರಿದಳು. ಅವನು ಕಾಲು ತೊಳೆಯುವುದನ್ನು ಬಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ನಾಲ್ಕು ಜನರ ಎದುರಿಗೆ ಗೊಳೋ ಅಂತ ಅತ್ತ. ರಸ್ತೆಯಲ್ಲಿ ನಿಂತವರು ಯಾರೂ ಕದಲಲಿಲ್ಲ. ಶೋಭಾ ಹೊಸ್ತಿಲಿಗೆ ಬಂದು, ತನ್ನ ಕಣ್ಣೂ ಒರೆಸಿಕೊಳ್ಳುತ್ತ, "ಏಳ್ರಿ, ಮಂದಿ ನೋಡಾಕತ್ತೈತಿ" ಅಂದಳು.

"ನೋಡ್ಲಿ ಬಿಡವ್ವಾ," ಅಂದ ಪರಪ್ಪ. "ಅವತ್ತೂ ಮಂದಿ ನೋಡಿತ್ತು."